ಓಡುವ ನಾಯಿಗೆ ಆಪರೇಷನ್ ಯಾವಾಗ?

ಅಜಿಲಿಟಿ ಎಂದರೆ ನಾಯಿಗಳನ್ನು ಅಡೆತಡೆಗಳ ಮೇಲೆ ಹಾರಿಸಿ, ನಡುವೆ ನುಸುಳಿಸಿ ವೇಗವಾಗಿ ಓಡಿಸುವ ಆಟ. ಅದನ್ನು ಆಡಿಸುವವರ ಸಭೆಯೊಂದರಲ್ಲಿ ನಾನು ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಮೊದಲ ಅಜಿಲಿಟಿ ನಾಯಿ ಚುಕ್ಕಿಯಿಂದ ಶುರು ಮಾಡುತ್ತೇನೆ. ಮಿಶ್ರ ತಳಿ. ಉದ್ದ ಕಾಲು, ಹಗುರ ಮೈ, ಚೆಂಡು ಕಂಡರೆ ಬೇರೆಲ್ಲ ಮರೆಯುವ ಹುಡುಗಿ. ಆರು ತಿಂಗಳು ತುಂಬುತ್ತಿದ್ದಂತೆ ಅವಳಿಗೆ ಸಂತಾನಹರಣ ಆಪರೇಷನ್ ಮಾಡಿಸಿದೆ. ಇನ್ನೂ ಒಂದು ಸಲವೂ ಬೆದೆಗೆ ಬಂದಿರಲಿಲ್ಲ. "ಎಲ್ಲರೂ ಈ ವಯಸ್ಸಿಗೇ ಮಾಡಿಸುತ್ತಾರೆ" ಎಂದರು ವೈದ್ಯರು. ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿ ಇದ್ದದ್ದು ಸ್ಪರ್ಧೆಯ ದಿನಾಂಕಗಳು. ವರ್ಷಕ್ಕೆ ಎರಡು ಸಲ ಬೆದೆ ಬಂದರೆ ಎರಡು ಸ್ಪರ್ಧೆ ತಪ್ಪುತ್ತವೆ, ಅದು ಬೇಡ. ಅಷ್ಟೇ ಲೆಕ್ಕ.

ನಾಲ್ಕನೇ ವರ್ಷದಲ್ಲಿ ಚುಕ್ಕಿಯ ಹಿಂಗಾಲಿನ ಮಂಡಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಗಟ್ಟಿ ಪಟ್ಟಿ, ಹರಿಯಿತು. ಸ್ಪರ್ಧೆಯಲ್ಲಲ್ಲ, ದಿನದ ಅಭ್ಯಾಸದಲ್ಲಿ. ಎ-ಫ್ರೇಮ್ ಎನ್ನುವ, ಎರಡು ಕಡೆ ಇಳಿಜಾರಿನ ಹಲಗೆ ಇಳಿದು ತಿರುಗಿದಳು, ಒಂದು ಸಲ ಕುಂಯ್ ಎಂದಳು, ಕಾಲು ಎತ್ತಿಕೊಂಡೇ ನನ್ನ ಹತ್ತಿರ ಬಂದಳು. ಬಾಲ ಆಡಿಸುತ್ತಲೇ ಬಂದಳು. ಆ ಬಾಲ ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ.

ಬೇಗ ಆಪರೇಷನ್ ಮಾಡಿಸಿದ್ದರಿಂದಲೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಒಂದು ನಾಯಿಯ ಕಥೆ ಹಿಡಿದುಕೊಂಡು ಅಂಥ ಮಾತು ಆಡಬಾರದು. ನನ್ನನ್ನು ಕಾಡುವುದು ಬೇರೆ. ಅಂಡಾಶಯ ತೆಗೆಸುವಾಗ, ಅದು ಅವಳ ಮೈಯಲ್ಲಿ ಮರಿ ಹಾಕುವುದರ ಹೊರತಾಗಿ ಇನ್ನೇನು ಕೆಲಸ ಮಾಡುತ್ತಿತ್ತು ಎಂದು ನಾನು ಕೇಳಲೇ ಇಲ್ಲ. ಆ ಪ್ರಶ್ನೆಯನ್ನು ಆಮೇಲೆ ವರ್ಷಗಟ್ಟಲೆ ಕೇಳಿದ್ದೇನೆ, ಓದಿದ್ದೇನೆ. ಅದನ್ನು ನಿಮ್ಮ ಮುಂದೆ ಇಡಲು ಬಂದಿದ್ದೇನೆ.

ಮೊದಲು ನಮ್ಮ ಆಟ ನಾಯಿಯ ಮೈಯಿಂದ ಏನು ಕೇಳುತ್ತದೆ ಎನ್ನುವುದನ್ನು ಒಮ್ಮೆ ನೋಡೋಣ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ, ನಡುವಿನ ಬಿಡುವಿನಲ್ಲಿ ಜನರಿಗೆ ಬೇಸರ ಆಗದಿರಲಿ ಎಂದು ಕುದುರೆ ಜಿಗಿತದ ಮಾದರಿಯಲ್ಲಿ ಶುರುವಾದ ಆಟ ಇದು. ಆಗಿನ ಓಟಕ್ಕೂ ಈಗಿನ ಓಟಕ್ಕೂ ಹೋಲಿಕೆಯೇ ಇಲ್ಲ. ಈಗ ನಾಯಿಗಳು ಪೂರ್ತಿ ವೇಗದಲ್ಲಿ ಬಂದು, ಹರ್ಡಲ್ ಮೇಲೆ ಗಾಳಿಯಲ್ಲಿರುವಾಗಲೇ ಮೈ ತಿರುಗಿಸಿ ಇಳಿಯುತ್ತವೆ. ಇಳಿಯುವಾಗ ಮುಂಗಾಲುಗಳ ಮೇಲೆ ಮೈತೂಕದ ಹಲವು ಪಟ್ಟು ಹೊರೆ ಬೀಳುತ್ತದೆ. ಸಾಲಾಗಿ ನಿಲ್ಲಿಸಿದ ವೀವ್ ಕಂಬಗಳ ನಡುವೆ ನುಸುಳುವಾಗ ಬೆನ್ನು ಎಡಕ್ಕೆ ಬಲಕ್ಕೆ ಬಳುಕುತ್ತದೆ. ನೆಗೆಯುವಾಗ, ತಿರುಗುವಾಗ ಇಡೀ ಭಾರ ಹಿಂಗಾಲಿನ ಮಂಡಿಯ ಮೇಲೆ. ಮನೆಯಲ್ಲಿ ಸುಮ್ನೆ ಓಡಾಡಿಕೊಂಡಿರುವ ನಾಯಿಗೆ ಮಂಡಿಯ ಕೋನ ಒಂಚೂರು ಹೆಚ್ಚುಕಡಿಮೆ ಇದ್ದರೂ ಜೀವನ ಸಾಗಬಹುದು. ನಮ್ಮ ನಾಯಿಗಳಿಗೆ ಆ ಒಂಚೂರು ದೊಡ್ಡದಾಗುತ್ತದೆ.

ಈಗ ಮೂಳೆಯ ವಿಷಯ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮರಿಯ ಉದ್ದ ಮೂಳೆಗಳ ತುದಿಯಲ್ಲಿ ಮೆದುವಾದ ಪದರ ಇರುತ್ತದೆ. ಗ್ರೋತ್ ಪ್ಲೇಟ್ ಎನ್ನುತ್ತಾರೆ. ಮೂಳೆ ಉದ್ದ ಆಗುವುದು ಅಲ್ಲಿ. ಒಂದು ವಯಸ್ಸಿಗೆ ಆ ಪದರ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಬೆಳವಣಿಗೆ ನಿಲ್ಲುತ್ತದೆ. "ಸಾಕು, ಇನ್ನು ನಿಲ್ಲು" ಎಂದು ಮೂಳೆಗೆ ಹೇಳುವವರಲ್ಲಿ ಮುಖ್ಯರು ಲೈಂಗಿಕ ಹಾರ್ಮೋನುಗಳು. ಹೆಣ್ಣಿನಲ್ಲಿ ಈಸ್ಟ್ರೋಜನ್. ಗಂಡಿನಲ್ಲೂ ಟೆಸ್ಟೋಸ್ಟೆರೋನಿನ ಒಂದು ಪಾಲು ಈಸ್ಟ್ರೋಜನ್ ಆಗಿ ಬದಲಾಗಿ ಇದೇ ಕೆಲಸ ಮಾಡುತ್ತದೆ. ಅಂಡಾಶಯವನ್ನೋ ವೃಷಣವನ್ನೋ ಬೇಗ ತೆಗೆದರೆ ಈ ಮಾತು ಹೇಳುವವರು ಇರುವುದಿಲ್ಲ. ಪ್ಲೇಟ್ ತಡವಾಗಿ ಮುಚ್ಚುತ್ತದೆ. ಮೂಳೆ ಇನ್ನಷ್ಟು ಬೆಳೆಯುತ್ತದೆ.

1991ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷಿಸಿ ನೋಡಿದರು. ಕೆಲವು ಮರಿಗಳಿಗೆ 7 ವಾರಕ್ಕೆ, ಕೆಲವಕ್ಕೆ 7 ತಿಂಗಳಿಗೆ ಆಪರೇಷನ್ ಮಾಡಿದರು, ಉಳಿದವನ್ನು ಹಾಗೇ ಬಿಟ್ಟರು. ಆಪರೇಷನ್ ಆದ ನಾಯಿಗಳಲ್ಲಿ ಗ್ರೋತ್ ಪ್ಲೇಟ್ ಮುಚ್ಚುವುದು ತಡವಾಯಿತು. ಅದರಲ್ಲೂ 7 ವಾರಕ್ಕೇ ಆದವುಗಳಲ್ಲಿ ಜಾಸ್ತಿ.

ಉದ್ದ ಕಾಲು ಒಳ್ಳೆಯದೇ ಅಲ್ವಾ, ಚೆನ್ನಾಗಿ ಜಿಗಿಯುತ್ತದೆ ಎಂದು ಯಾರಾದರೂ ಅಂದುಕೊಳ್ಳಬಹುದು. ಚುಕ್ಕಿಯ ಕಾಲು ನೋಡಿ ನಾನೂ ಹಾಗೇ ಹಿಗ್ಗುತ್ತಿದ್ದೆ. ತೊಂದರೆ ಏನೆಂದರೆ ಎಲ್ಲ ಪ್ಲೇಟುಗಳೂ ಒಂದೇ ದಿನ ಮುಚ್ಚುವುದಿಲ್ಲ. ಆಪರೇಷನ್ ಹೊತ್ತಿಗೆ ಒಂದು ಮೂಳೆ ನಿಂತಾಗಿರುತ್ತದೆ, ಅದರ ಪಕ್ಕದ್ದು ಇನ್ನೂ ಬೆಳೆಯುತ್ತಿರುತ್ತದೆ. ಹೊಂದಿಕೊಂಡು ಬೆಳೆಯಬೇಕಾದ ಎರಡು ಮೂಳೆಗಳ ಅಳತೆ ತಪ್ಪುತ್ತದೆ. ಕೀಲಿನ ಕೋನ ಬದಲಾಗುತ್ತದೆ. ಮಂಡಿಯ ಕೆಳಗಿನ ಮೂಳೆಯ ತಲೆಭಾಗ ಸ್ವಲ್ಪ ಹಿಂದಕ್ಕೆ ಇಳಿಜಾರಾಗಿರುತ್ತದೆ. ಆ ಇಳಿಜಾರು ಕಡಿದಾದಷ್ಟೂ ಲಿಗಮೆಂಟಿನ ಮೇಲೆ ಎಳೆತ ಜಾಸ್ತಿ. ಮಂಡಿ ಹರಿದ ದೊಡ್ಡ ತಳಿಯ ನಾಯಿಗಳನ್ನು 2007ರಲ್ಲಿ ನೋಡಿದಾಗ, ಇಳಿಜಾರು ತೀರಾ ಕಡಿದಾಗಿದ್ದವುಗಳಲ್ಲಿ 6 ತಿಂಗಳ ಒಳಗೇ ಆಪರೇಷನ್ ಆಗಿದ್ದವು ಹೆಚ್ಚು ಕಂಡವು.

ಇನ್ನೊಂದು ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ, ವೃಷಣಕ್ಕೆ ಎಲ್‌ಎಚ್ ಎನ್ನುವ ಹಾರ್ಮೋನ್ ಕಳಿಸುತ್ತಿರುತ್ತದೆ. ಅಲ್ಲಿಂದ ಉತ್ತರ ಬಂದಾಗ ತಗ್ಗಿಸುತ್ತದೆ. ಉತ್ತರ ಕೊಡುವ ಅಂಗವೇ ಇಲ್ಲದಾಗ ಅದು ಕಳಿಸುತ್ತಲೇ ಇರುತ್ತದೆ. ಆಪರೇಷನ್ ಆದ ನಾಯಿಗಳ ರಕ್ತದಲ್ಲಿ ಎಲ್‌ಎಚ್ ಜೀವನಪೂರ್ತಿ ಹಲವು ಪಟ್ಟು ಹೆಚ್ಚಿರುತ್ತದೆ. ಈ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಮಂಡಿಯ ಲಿಗಮೆಂಟಿನಲ್ಲೂ ಮೂತ್ರಕೋಶದಲ್ಲೂ ಇವೆ. ಅಂದರೆ ಈ ಆಪರೇಷನ್ ಹೊಟ್ಟೆಯೊಳಗಿನ ಒಂದು ಅಂಗಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಸರಿ, ನಿಜವಾದ ನಾಯಿಗಳಲ್ಲಿ ಇದು ಎಷ್ಟು ಕಾಣುತ್ತದೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2013ರಲ್ಲಿ 759 ಗೋಲ್ಡನ್ ರಿಟ್ರೀವರ್‌ಗಳ ಆಸ್ಪತ್ರೆ ದಾಖಲೆ ತೆಗೆದು ನೋಡಿದರು. ಒಂದು ವರ್ಷದ ಒಳಗೆ ಆಪರೇಷನ್ ಆದ ಗಂಡುಗಳಲ್ಲಿ ಶೇ 10ರಷ್ಟಕ್ಕೆ ಸೊಂಟದ ಕೀಲಿನ ತೊಂದರೆ ಇತ್ತು. ಆಪರೇಷನ್ ಆಗದ ಗಂಡುಗಳಿಗಿಂತ ಇದು ಎರಡು ಪಟ್ಟು. ಮಂಡಿಯ ಲಿಗಮೆಂಟ್ ಹರಿದದ್ದು ಆಪರೇಷನ್ ಆಗದ ನಾಯಿಗಳಲ್ಲಿ ಒಂದೂ ಇರಲಿಲ್ಲ. ಬೇಗ ಆದವುಗಳಲ್ಲಿ ಗಂಡಿನಲ್ಲಿ ಶೇ 5, ಹೆಣ್ಣಿನಲ್ಲಿ ಶೇ 8. ಅದೇ ತಂಡ 2016ರಲ್ಲಿ ಜರ್ಮನ್ ಶೆಫರ್ಡ್‌ಗಳನ್ನು ನೋಡಿತು. ಹಾಗೇ ಬಿಟ್ಟ ಗಂಡುಗಳಲ್ಲಿ ಶೇ 7ಕ್ಕೆ ಕೀಲಿನ ತೊಂದರೆ ಇದ್ದರೆ, ವರ್ಷದೊಳಗೆ ಆಪರೇಷನ್ ಆದ ಗಂಡುಗಳಲ್ಲಿ ಶೇ 21ಕ್ಕೆ ಇತ್ತು.

ಈ ಅಂಕಿಗಳನ್ನು ಕೇಳಿ ಗಾಬರಿಯಾಗಿ ಎದ್ದು ಹೋಗಬೇಡಿ. ಅದೇ ತಂಡ 2020ರಲ್ಲಿ 35 ತಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಿತು. ಚಿಹುವಾಹುವಾ, ಯಾರ್ಕ್‌ಷೈರ್ ಟೆರಿಯರ್, ಶಿಟ್ಜು ತರಹದ ಪುಟ್ಟ ತಳಿಗಳಲ್ಲಿ ಬೇಗ ಆಪರೇಷನ್ ಆದರೂ ಕೀಲಿನ ತೊಂದರೆ ಹೆಚ್ಚಲಿಲ್ಲ. ಗಾತ್ರ ಹೆಚ್ಚಿದಂತೆ ಅಪಾಯವೂ ಹೆಚ್ಚಿತು, ಆದರೆ ಅದೂ ಗೆರೆ ಎಳೆದಂತೆ ಅಲ್ಲ. ಗ್ರೇಟ್ ಡೇನ್ ಮತ್ತು ಐರಿಷ್ ವೂಲ್ಫ್‌ಹೌಂಡ್, ನಾಯಿಗಳಲ್ಲೇ ಬೃಹತ್ತಾದವು, ಅವುಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಹಾಗಾಗಿ "ನಾಯಿಗೆ ಆಪರೇಷನ್ ಮಾಡಿಸಿದರೆ ಮಂಡಿ ಹೋಗುತ್ತದೆ" ಎಂದು ಸಾರುವುದು ತಪ್ಪು. ಯಾವ ತಳಿ, ಗಂಡೋ ಹೆಣ್ಣೋ, ಯಾವ ವಯಸ್ಸು, ಈ ಮೂರನ್ನೂ ಹೇಳದೆ ಯಾರಾದರೂ ಉತ್ತರ ಕೊಟ್ಟರೆ ಆ ಉತ್ತರವನ್ನು ನಂಬಬೇಡಿ. ನಾನು ಕೊಟ್ಟರೂ ನಂಬಬೇಡಿ.

ಇವೆಲ್ಲ ಸಾಕುನಾಯಿಗಳ ದಾಖಲೆಗಳು. ನಮ್ಮ ಆಟದ ನಾಯಿಗಳ ಮೇಲೇ ಮಾಡಿದ ಅಧ್ಯಯನ 2022ರಲ್ಲಿ ಬಂತು. ಲಿಗಮೆಂಟ್ ಹರಿದ 260 ಅಜಿಲಿಟಿ ನಾಯಿಗಳನ್ನು, ಹರಿಯದ 1,006 ಅಜಿಲಿಟಿ ನಾಯಿಗಳ ಜೊತೆ ಹೋಲಿಸಿದರು. ಆಪರೇಷನ್ ಆದ ಹೆಣ್ಣುಗಳಲ್ಲಿ ಅಪಾಯ ಜಾಸ್ತಿ ಕಂಡಿತು. ಅದರಲ್ಲೂ ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಆಪರೇಷನ್ ಆದವುಗಳಲ್ಲಿ ಇನ್ನೂ ಜಾಸ್ತಿ. ಎತ್ತರಕ್ಕೆ ಹೋಲಿಸಿದರೆ ತೂಕ ಹೆಚ್ಚಿರುವ ನಾಯಿಗಳಿಗೂ ಅಪಾಯ ಹೆಚ್ಚು. ಇದೇ ಅಧ್ಯಯನದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ, ಕೊನೆಯ ಪ್ರಶ್ನೆಗೆ ಉತ್ತರ ಹೇಳುವಾಗ ಅದಕ್ಕೆ ಬರುತ್ತೇನೆ.

ಅಜಿಲಿಟಿಯಲ್ಲಿ ಜಾಸ್ತಿ ಪೆಟ್ಟಾಗುವುದು ಭುಜಕ್ಕೆ, ಮಂಡಿಗಲ್ಲ. ಇದನ್ನೂ ಹೇಳಿಬಿಡಬೇಕು. ಆದರೆ ಎಷ್ಟೋ ಭುಜದ ನೋವು ವಿಶ್ರಾಂತಿ, ವ್ಯಾಯಾಮದಲ್ಲಿ ವಾಸಿಯಾಗುತ್ತದೆ. ಮಂಡಿ ಹರಿದರೆ ದೊಡ್ಡ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಕಟ್ಟಿಹಾಕಿದ ಬದುಕು. ಎಷ್ಟೋ ನಾಯಿಗಳಿಗೆ ಆಮೇಲೆ ಇನ್ನೊಂದು ಮಂಡಿಯೂ ಹೋಗುತ್ತದೆ. ಹಾಗಾಗಿ ನನ್ನ ಗಮನ ಅಲ್ಲೇ ಇದೆ.

ಇಷ್ಟು ಕೇಳಿದ ಮೇಲೆ "ಹಾಗಾದರೆ ಆಪರೇಷನ್ನೇ ಬೇಡ" ಎನ್ನುವವರು ಇರುತ್ತಾರೆ. ನಾನು ಆ ಗುಂಪಿಗೆ ಸೇರಿದವಳಲ್ಲ. ಯಾಕೆ ಅಂತ ಹೇಳುತ್ತೇನೆ.

ಆಪರೇಷನ್ ಆಗದ ಹೆಣ್ಣು ನಾಯಿಯ ತಲೆಯ ಮೇಲೆ ತೂಗುವ ಕತ್ತಿ ಎಂದರೆ ಪಯೋಮೆಟ್ರಾ. ಗರ್ಭಕೋಶದಲ್ಲಿ ಕೀವು ತುಂಬುವ ರೋಗ. ಬೆದೆ ಮುಗಿದು ಕೆಲವು ವಾರಗಳಿಗೆ ಬರುತ್ತದೆ. ನಾಯಿ ಜಾಸ್ತಿ ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ಮಂಕಾಗುತ್ತದೆ. ಕೆಲವು ಸಲ ಹೊರಗೆ ಸ್ರಾವವೇ ಇರುವುದಿಲ್ಲ, ಆಗ ಗೊತ್ತಾಗುವುದೂ ತಡ. ತಡವಾದರೆ ಜೀವಕ್ಕೇ ಅಪಾಯ. ಸ್ವೀಡನ್‌ನಲ್ಲಿ ಹಿಂದಿನಿಂದಲೂ ಹೆಚ್ಚಿನವರು ನಾಯಿಗಳಿಗೆ ಆಪರೇಷನ್ ಮಾಡಿಸುವುದಿಲ್ಲ. ಅಲ್ಲಿನ ವಿಮೆ ದಾಖಲೆಗಳನ್ನು ನೋಡಿ 2001ರಲ್ಲಿ ಲೆಕ್ಕ ಹಾಕಿದರು. 10 ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಹೆಣ್ಣಿಗೆ ಪಯೋಮೆಟ್ರಾ ಬಂದಿತ್ತು. ನಾಲ್ಕರಲ್ಲಿ ಒಂದು! ಮಂಡಿಯ ಅಂಕಿಗಳನ್ನು ಹೇಳಿ ಇದನ್ನು ಹೇಳದೆ ಇರುವುದು ಮೋಸ.

ಮೊಲೆಯ ಗಡ್ಡೆಯ ಮಾತೂ ಇದೆ. 1969ರ ಒಂದು ಅಧ್ಯಯನದ ಅಂಕಿಗಳನ್ನು ನೀವೆಲ್ಲ ಕೇಳಿರುತ್ತೀರಿ. ಹಾಗೇ ಬಿಟ್ಟ ಹೆಣ್ಣಿಗೆ ಹೋಲಿಸಿದರೆ, ಮೊದಲ ಬೆದೆಗೆ ಮುಂಚೆ ಆಪರೇಷನ್ ಆದರೆ ಅಪಾಯ ಶೇ 0.5ಕ್ಕೆ ಇಳಿಯುತ್ತದೆ, ಒಂದು ಬೆದೆಯ ನಂತರ ಶೇ 8, ಎರಡರ ನಂತರ ಶೇ 26. ಇದನ್ನು ಎಷ್ಟೋ ಜನ "ನೂರರಲ್ಲಿ 26 ನಾಯಿಗೆ ಗಡ್ಡೆ ಬರುತ್ತದೆ" ಎಂದು ಓದಿಕೊಂಡು ಹೆದರುತ್ತಾರೆ. ಹಾಗಲ್ಲ, ಅದು ಹೋಲಿಕೆಯ ಲೆಕ್ಕ. 2012ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜರಡಿ ಹಿಡಿದವರು ಆಧಾರ ದುರ್ಬಲ ಎಂದೇ ಬರೆದರು. ಆದರೂ ಅಂಡಾಶಯದ ಹಾರ್ಮೋನಿಗೂ ಮೊಲೆಯ ಗಡ್ಡೆಗೂ ನಂಟಿದೆ ಎನ್ನುವುದನ್ನು ನಾನು ತಳ್ಳಿಹಾಕುವುದಿಲ್ಲ.

ಆಯುಷ್ಯ? 2013ರಲ್ಲೇ ಅಮೆರಿಕದಲ್ಲಿ 40,139 ನಾಯಿಗಳ ಸಾವಿನ ದಾಖಲೆ ನೋಡಿದರು. ಆಪರೇಷನ್ ಆದ ಗಂಡುಗಳ ನಿರೀಕ್ಷಿತ ಆಯುಷ್ಯ ಶೇ 13.8, ಹೆಣ್ಣುಗಳದ್ದು ಶೇ 26.3 ಹೆಚ್ಚಿತ್ತು. ಸೋಂಕಿನಿಂದ, ಅಪಘಾತದಿಂದ ಸತ್ತದ್ದು ಕಡಿಮೆ. ಕ್ಯಾನ್ಸರ್‌ನಿಂದ ಸತ್ತದ್ದು ಹೆಚ್ಚು. ಆಪರೇಷನ್ ಮಾಡಿಸುವ ಮನೆಯವರು ಉಳಿದ ಆರೈಕೆಯನ್ನೂ ಚೆನ್ನಾಗಿ ಮಾಡುತ್ತಾರೆ, ಅದರ ಪಾಲೂ ಇದರಲ್ಲಿ ಇರಬಹುದು ಎನ್ನುವುದನ್ನು ಮರೆಯಬೇಡಿ.

ಕಾಯುವುದಕ್ಕೂ ಒಂದು ಬೆಲೆ ಇದೆ. ಗೋಲ್ಡನ್‌ಗಳ ಅದೇ ಅಧ್ಯಯನದಲ್ಲಿ, ವರ್ಷ ದಾಟಿದ ಮೇಲೆ ಆಪರೇಷನ್ ಆದ ಹೆಣ್ಣುಗಳಲ್ಲಿ ಹಿಮಾಂಜಿಯೋಸಾರ್ಕೋಮಾ ಎನ್ನುವ ರಕ್ತನಾಳದ ಕ್ಯಾನ್ಸರ್ ಉಳಿದವಕ್ಕಿಂತ ಸುಮಾರು ನಾಲ್ಕು ಪಟ್ಟು ಕಂಡಿತು. ಬೇಗ ಮಾಡಿಸಿದರೆ ಕೀಲು, ತಡವಾಗಿ ಮಾಡಿಸಿದರೆ ಇದು. ಗೋಲ್ಡನ್ ಸಾಕಿರುವ ನನ್ನ ಗೆಳತಿಯೊಬ್ಬಳು ಇದನ್ನು ಓದಿ ರಾತ್ರಿ ಫೋನ್ ಮಾಡಿ ಅತ್ತಳು. ಯಾವ ಬಾಗಿಲು ತೆರೆದರೂ ಒಂದು ಭಯ ನಿಂತಿದೆ ಎಂದಳು. ಅವಳಿಗೆ ನಾನು ಹೇಳಿದ್ದು ಇಷ್ಟೇ: ಇವು ಗುಂಪಿನ ಲೆಕ್ಕ, ನಿನ್ನ ನಾಯಿಯ ಜಾತಕ ಅಲ್ಲ. ಅದರ ಅಪ್ಪ ಅಮ್ಮ, ಅಜ್ಜ ಅಜ್ಜಿ ಯಾವುದರಿಂದ ಸತ್ತರು ಎಂದು ಮರಿ ಕೊಟ್ಟವರನ್ನು ಕೇಳು. ಅದು ಈ ಅಂಕಿಗಳಿಗಿಂತ ಹತ್ತಿರದ ಮಾಹಿತಿ.

ಮನೆಯ ಪರಿಸ್ಥಿತಿಯೂ ಮುಖ್ಯ. ಒಂದೇ ಮನೆಯಲ್ಲಿ ಗಂಡೂ ಹೆಣ್ಣೂ ಇದ್ದರೆ, ಬೇಲಿ ಗಟ್ಟಿ ಇಲ್ಲದಿದ್ದರೆ, ಬೆದೆಯ ಮೂರು ವಾರ ಬಾಗಿಲು ಕಾಯುವವರು ಇಲ್ಲದಿದ್ದರೆ, ಬೇಡದ ಮರಿಗಳು ಹುಟ್ಟುತ್ತವೆ. ಆ ಮರಿಗಳಿಗೆ ಮನೆ ಎಲ್ಲಿಂದ ತರುವುದು? ಅಂಥ ಕಡೆ ಬೇಗ ಆಪರೇಷನ್ ಮಾಡಿಸುವುದೇ ಸರಿ. ನಾಯಿ ಆಶ್ರಯಗಳು ಮರಿಗಳನ್ನು ಆಪರೇಷನ್ ಮಾಡಿಸಿಯೇ ಕೊಡುತ್ತವೆ, ಅದರಲ್ಲಿ ಅವರ ತಪ್ಪಿಲ್ಲ. ಅವರ ಕಣ್ಣ ಮುಂದೆ ಇರುವುದು ಬೇರೆಯೇ ದುಃಖ.

ಈಗ ಗಂಡು ನಾಯಿಗೆ ಬರುತ್ತೇನೆ. ಇಲ್ಲಿ ನನ್ನ ಮಾತು ಚಿಕ್ಕದು. ಆಪರೇಷನ್ ಆಗದ ಗಂಡಿಗೆ ಗರ್ಭಕೋಶದಂಥ ದೊಡ್ಡ ಅಪಾಯ ಇಲ್ಲ. ವಯಸ್ಸಾದಂತೆ ಪ್ರಾಸ್ಟೇಟ್ ಊದಿಕೊಳ್ಳುತ್ತದೆ, ವೃಷಣದ ಗಡ್ಡೆ ಬರಬಹುದು. ಹೆಚ್ಚಿನವಕ್ಕೆ ಆಗ ಆಪರೇಷನ್ ಮಾಡಿಸಿದರೂ ವಾಸಿಯಾಗುತ್ತದೆ. ವೃಷಣ ಹೊಟ್ಟೆಯೊಳಗೇ ಉಳಿದುಬಿಟ್ಟಿದ್ದರೆ ಮಾತ್ರ ಅದನ್ನು ತೆಗೆಸಲೇಬೇಕು.

ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಗಂಡು ನಾಯಿಗೆ ಆಪರೇಷನ್ ಕೇಳುವುದು ಆರೋಗ್ಯಕ್ಕಲ್ಲ. "ರಿಂಗಿನಲ್ಲಿ ನೆಲ ಮೂಸುತ್ತಾ ನಿಲ್ಲುತ್ತಾನೆ, ಕಂಬಕ್ಕೆ ಕಾಲೆತ್ತುತ್ತಾನೆ, ಗಮನ ಇಲ್ಲ" ಎನ್ನುತ್ತಾರೆ. ನೆಲ ಮೂಸುವ ನಾಯಿಯನ್ನು ಸರಿಯಾಗಿ ನೋಡಿ. ಬಹಳ ಸಲ ಅದು ಹೆಣ್ಣಿನ ವಾಸನೆ ಹುಡುಕುತ್ತಿರುವುದಿಲ್ಲ. ಗೊಂದಲ ಆಗಿದೆ, ಒತ್ತಡ ಆಗಿದೆ, ಅದಕ್ಕೆ ಮೂಸುತ್ತಿದೆ. ಅಂಥ ನಾಯಿಯ ವೃಷಣ ತೆಗೆಸಿದರೆ ಒತ್ತಡ ಹೋಗುವುದಿಲ್ಲ. ಇನ್ನೂ ಹೆಚ್ಚಲೂಬಹುದು. 2014ರಲ್ಲಿ 2,505 ವಿಝ್ಲಾ ನಾಯಿಗಳ ಸಮೀಕ್ಷೆಯಲ್ಲಿ ಆಪರೇಷನ್ ಆದವುಗಳಲ್ಲಿ ಗುಡುಗಿನ ಭಯ ಹೆಚ್ಚು ಕಂಡಿತು. 2018ರಲ್ಲಿ ಗಂಡು ನಾಯಿಗಳ ಮೇಲಿನ ಇನ್ನೊಂದು ಅಧ್ಯಯನವೂ, ಹಾರ್ಮೋನ್ ಇದ್ದ ಕಾಲ ಕಡಿಮೆಯಾದಷ್ಟೂ ಅಂಜಿಕೆಯ ನಡವಳಿಕೆಗಳು ಹೆಚ್ಚು ಎಂದು ತೋರಿಸಿತು. ಸೀಸಾ ಹಲಗೆ ಧಪ್ ಎಂದು ನೆಲಕ್ಕೆ ಬಡಿಯುವ ಆಟ ನಮ್ಮದು. ಸದ್ದಿಗೆ ಹೆದರುವ ಮರಿಗೆ ಹದಿಹರೆಯದಲ್ಲೇ ಹಾರ್ಮೋನ್ ಕಿತ್ತುಕೊಳ್ಳುವ ಮುಂಚೆ ಹತ್ತು ಸಲ ಯೋಚನೆ ಮಾಡಿ. ಇದು ನನ್ನ ಕಳಕಳಿಯ ಮಾತು.

ಗಂಡಿಗೆ ಒಂದು ಅನುಕೂಲ ಇದೆ. ಮೊದಲು ಪರೀಕ್ಷೆ ಮಾಡಿ ನೋಡಬಹುದು. ಡೆಸ್ಲೊರೆಲಿನ್ ಎನ್ನುವ ಔಷಧದ ಚಿಕ್ಕ ಕಡ್ಡಿಯನ್ನು ಚರ್ಮದ ಕೆಳಗೆ ಇಡುತ್ತಾರೆ. ಒಂದು ಬಗೆಯದ್ದು ಸುಮಾರು 6 ತಿಂಗಳು, ಇನ್ನೊಂದು ಸುಮಾರು 12 ತಿಂಗಳು ಟೆಸ್ಟೋಸ್ಟೆರೋನನ್ನು ತಗ್ಗಿಸಿ ಇಡುತ್ತದೆ. ಮೊದಲ ಕೆಲವು ವಾರ ಉಲ್ಟಾ ಹೆಚ್ಚಾಗುತ್ತದೆ, ಅದಕ್ಕೆ ಗಾಬರಿ ಬೇಡ, ಆ ವಾರಗಳಲ್ಲಿ ಸ್ಪರ್ಧೆಯೂ ಬೇಡ. ಆಮೇಲೆ ನಾಯಿ ಹೇಗಿದೆ ಎಂದು ಬರೆದಿಡಿ. ಚೆನ್ನಾಗಿದ್ದರೆ ಆಪರೇಷನ್ ಬಗ್ಗೆ ಯೋಚಿಸಿ. ಅಂಜುಬುರುಕ ಆದರೆ ಔಷಧದ ಅವಧಿ ಮುಗಿಯಲಿ, ಅವನು ಮೊದಲಿನಂತೆ ಆಗುತ್ತಾನೆ. ಕತ್ತರಿ ಹಾಕಿದ್ದನ್ನು ಮಾತ್ರ ಮರಳಿ ಜೋಡಿಸಲಾಗದು.

ಮತ್ತೆ ಹೆಣ್ಣಿಗೆ ಬರೋಣ. ಬೆದೆ ಮತ್ತು ಸ್ಪರ್ಧೆ. ನಾನು ತಪ್ಪಿದ್ದು ಇಲ್ಲಿ, ಹಾಗಾಗಿ ಇಲ್ಲಿ ಕೂತು ಲೆಕ್ಕ ಹಾಕೋಣ.

ಸಾಮಾನ್ಯವಾಗಿ 6-7 ತಿಂಗಳಿಗೊಮ್ಮೆ ಬೆದೆ ಬರುತ್ತದೆ. ಒಂದು ಬೆದೆ ಸುಮಾರು ಮೂರು ವಾರ. ಅಂದರೆ ವರ್ಷದ 52 ವಾರಗಳಲ್ಲಿ ಹೆಚ್ಚೆಂದರೆ 6 ವಾರ. ಕೆಲವು ಸಂಘಟನೆಗಳು ಬೆದೆಯಲ್ಲಿರುವ ನಾಯಿಯನ್ನು ರಿಂಗಿಗೆ ಬಿಡುವುದಿಲ್ಲ. ಎಫ್‌ಸಿಐ ಎನ್ನುವ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ನಿಯಮದ ದೊಡ್ಡ ಸ್ಪರ್ಧೆಗಳಲ್ಲಿ ಬೇರೆ ನಾಯಿಗಳಿಂದ ದೂರ ಇಟ್ಟು, ಎಲ್ಲರದ್ದೂ ಆದ ಮೇಲೆ ಓಡಿಸುತ್ತಾರೆ. ಬೆದೆ ಮುಗಿದು ಎರಡು ತಿಂಗಳ ಸುಮಾರಿಗೆ ಕೆಲವು ಹೆಣ್ಣುಗಳಿಗೆ ಸುಳ್ಳು ಗರ್ಭ ಬರುತ್ತದೆ. ಮೊಲೆ ತುಂಬಿಕೊಳ್ಳುತ್ತವೆ, ಗೊಂಬೆಯನ್ನು ಮರಿ ಅಂತ ಎತ್ತಿಕೊಂಡು ತಿರುಗುತ್ತವೆ, ಜಿಗಿಯಲು ಮನಸ್ಸಿರುವುದಿಲ್ಲ. ಇನ್ನು ಕೆಲವಕ್ಕೆ ಏನೂ ಆಗುವುದಿಲ್ಲ. ನನ್ನ ಎರಡನೇ ನಾಯಿ ಗೌರಿ ಬೆದೆಯ ಎರಡನೇ ವಾರದಲ್ಲಿ ಮಂಕಾಗುತ್ತಿದ್ದಳು, ಉಳಿದಂತೆ ಎಂದಿನಂತೆ ಓಡುತ್ತಿದ್ದಳು. ಎರಡು ಬೆದೆ ನೋಡಿದರೆ ನಿಮ್ಮ ನಾಯಿಯ ರೀತಿ ನಿಮಗೆ ಗೊತ್ತಾಗಿಬಿಡುತ್ತದೆ, ಕ್ಯಾಲೆಂಡರನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.

ಆ 6 ವಾರ ಉಳಿಸಲು ನಾನು ಚುಕ್ಕಿಗೆ ಆರು ತಿಂಗಳಿಗೇ ಆಪರೇಷನ್ ಮಾಡಿಸಿದೆ. ಆ ವಯಸ್ಸಿನಲ್ಲಿ ಅವಳು ಸ್ಪರ್ಧೆಗೆ ಇಳಿಯುವಂತೆಯೂ ಇರಲಿಲ್ಲ! ಎಫ್‌ಸಿಐ ಸ್ಪರ್ಧೆಗೆ ಕನಿಷ್ಠ ವಯಸ್ಸು 18 ತಿಂಗಳು. ಅಮೆರಿಕನ್ ಕೆನಲ್ ಕ್ಲಬ್‌ನಲ್ಲಿ 15 ತಿಂಗಳು. ಮೂಳೆ ಗಟ್ಟಿಯಾಗಲಿ ಎಂದೇ ಆ ನಿಯಮ ಇಟ್ಟಿರುವುದು. ಜಿಗಿತಕ್ಕೆ ಕಾಯುತ್ತೇವೆ, ಆಪರೇಷನ್‌ಗೆ ಮಾತ್ರ ಅವಸರ ಮಾಡುತ್ತೇವೆ. ಎರಡಕ್ಕೂ ಕಾರಣ ಅದೇ ಗ್ರೋತ್ ಪ್ಲೇಟ್ ಅಲ್ವಾ?

ನಡುವಿನ ದಾರಿಗಳೂ ಇವೆ. ಗಂಡಿಗೆ ವ್ಯಾಸೆಕ್ಟಮಿ, ಅಂದರೆ ವೃಷಣ ಉಳಿಸಿ ವೀರ್ಯನಾಳ ಮಾತ್ರ ಕತ್ತರಿಸುವುದು, ಮಾಡಿದರೆ ಮರಿ ಆಗುವುದಿಲ್ಲ, ಹಾರ್ಮೋನ್ ಉಳಿಯುತ್ತದೆ. ಹೆಣ್ಣಿಗೆ ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆಯಬಹುದು. ಪೂರ್ತಿ ತೆಗೆದರೆ ಪಯೋಮೆಟ್ರಾದ ಭಯ ಬಹುಪಾಲು ಹೋಗುತ್ತದೆ, ಆದರೆ ಬೆದೆ ಬರುತ್ತಲೇ ಇರುತ್ತದೆ, ಗಂಡುಗಳು ಬೆನ್ನು ಹತ್ತುತ್ತಲೇ ಇರುತ್ತವೆ, ಮೊಲೆಯ ಗಡ್ಡೆಯ ಅಪಾಯವೂ ಉಳಿಯುತ್ತದೆ. ಕೈ ಪಳಗಿದ ವೈದ್ಯರು ಸಿಗಬೇಕು.

ನಾನೇನು ಮಾಡುತ್ತೇನೆ ಎಂದು ಕೇಳಿದರೆ ಹೇಳುತ್ತೇನೆ. ಪುಟ್ಟ ತಳಿಯಾದರೆ ಮೂಳೆಯ ಕಾರಣಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೂ ಒಂದು ಬೆದೆ ಆಗಲಿ ಎನ್ನುತ್ತೇನೆ. ಮಧ್ಯಮ ಮತ್ತು ದೊಡ್ಡ ಹೆಣ್ಣಿಗೆ ಬೆಳವಣಿಗೆ ಪೂರ್ತಿ ನಿಲ್ಲುವವರೆಗೆ ಕಾಯುತ್ತೇನೆ. ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ವರ್ಷ. ಸಂಶಯ ಇದ್ದರೆ ಎಕ್ಸ್-ರೇ ತೆಗೆಸಿದರೆ ಪ್ಲೇಟ್ ಮುಚ್ಚಿದೆಯೋ ಇಲ್ಲವೋ ಕಾಣುತ್ತದೆ. ಆಮೇಲೆ, ಪಯೋಮೆಟ್ರಾದ ಅಪಾಯ ಏರುವ ನಡುವಯಸ್ಸಿಗೆ ಮುಂಚೆ ಮಾಡಿಸುತ್ತೇನೆ. ಬೆದೆ ಮುಗಿದು ಸುಮಾರು ಮೂರು ತಿಂಗಳಾದ ಮೇಲಿನ ಶಾಂತ ಕಾಲದಲ್ಲಿ. ಆಗ ರಕ್ತಸ್ರಾವ ಕಡಿಮೆ, ಸುಳ್ಳು ಗರ್ಭ ಉಳಿದುಕೊಳ್ಳುವ ಸಾಧ್ಯತೆಯೂ ಕಡಿಮೆ. ಗಂಡಿಗೆ ಕಾರಣ ಇಲ್ಲದೆ ಮಾಡಿಸುವುದಿಲ್ಲ. ಗೌರಿಗೆ ಮೂರನೇ ವರ್ಷದಲ್ಲಿ ಮಾಡಿಸಿದೆ. ಮುಂಚೆ ಮೂರು ಬೇರೆ ವೈದ್ಯರ ಜೊತೆ ಮಾತಾಡಿದೆ. ಅವರಲ್ಲಿ ಒಬ್ಬರು ನನ್ನ ನಿರ್ಧಾರ ಒಪ್ಪಲಿಲ್ಲ, ಬೇಗ ಮಾಡಿಸಬೇಕಿತ್ತು ಎಂದರು. ಅವರ ಕಾರಣಗಳೂ ಗಟ್ಟಿಯಾಗಿದ್ದವು. ಪಯೋಮೆಟ್ರಾದಿಂದ ಸತ್ತ ನಾಯಿಗಳನ್ನು ಅವರು ಕೈಯಾರೆ ನೋಡಿದ್ದರು.

ಇಲ್ಲಿಗೆ ನನ್ನ ಮಾತು ಮುಗಿಸಿದಾಗ ಕೆಲವು ಪ್ರಶ್ನೆಗಳು ಬಂದವು.

ಯುವಕರೊಬ್ಬರು ಕೇಳಿದರು: "ಮೇಡಂ, ಆಪರೇಷನ್ ಆದ ಎಷ್ಟು ದಿನಕ್ಕೆ ಮತ್ತೆ ಓಡಿಸಬಹುದು?"

ಹೊಲಿಗೆ ವಾಸಿಯಾಗುವುದು 10ರಿಂದ 14 ದಿನಕ್ಕೆ. ಅಷ್ಟೂ ದಿನ ಬೆಲ್ಟ್ ಹಿಡಿದು ನಿಧಾನದ ನಡಿಗೆ ಮಾತ್ರ. ಹೊರಗಿನ ಚರ್ಮ ಕೂಡಿತು ಅಂದರೆ ಒಳಗಿನ ಹೊಟ್ಟೆಯ ಗೋಡೆಯೂ ಗಟ್ಟಿಯಾಯಿತು ಎಂದಲ್ಲ. ನಾನು ಹೆಣ್ಣಿಗೆ ಜಿಗಿತ ಶುರು ಮಾಡುವುದು ಆರು ವಾರದ ಮೇಲೆ. ಮೊದಲು ನೆಲದ ಮೇಲಿನ ಕೋಲು, ಆಮೇಲೆ ತಗ್ಗು ಹರ್ಡಲ್. ವೀವ್ ಕಂಬ ಎಲ್ಲಕ್ಕಿಂತ ಕೊನೆಗೆ. ಪುಟ್ಟ ತೂತಿನ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಮಾಡಿಸಿದರೆ ಗಾಯ ಚಿಕ್ಕದು, ನೋವು ಕಡಿಮೆ, ಬೇಗ ಚೇತರಿಸಿಕೊಳ್ಳುತ್ತವೆ. ಆದರೆ ಅಂಥ ನಾಯಿಯೇ ಮೂರನೇ ದಿನಕ್ಕೆ ಸೋಫಾ ಮೇಲಿಂದ ಹಾರುತ್ತದೆ, ಹುಷಾರು.

ಎರಡನೇ ಪ್ರಶ್ನೆ ಕೇಳಿದವರು ಹಿಂದಿನ ಸಾಲಿನಲ್ಲಿದ್ದರು. ಪಕ್ಕದಲ್ಲಿ ಕಪ್ಪು ಲ್ಯಾಬ್ರಡಾರ್ ಮಲಗಿತ್ತು. "ನನ್ನ ನಾಯಿಗೆ ಐದೂವರೆ ತಿಂಗಳಿಗೇ ಮಾಡಿಸಿಬಿಟ್ಟಿದ್ದೇನೆ. ಈಗ ಮೂರು ವರ್ಷ. ನೀವು ಹೇಳಿದ್ದೆಲ್ಲ ಕೇಳಿ ಹೊಟ್ಟೆ ತೊಳಸಿದಂತೆ ಆಗುತ್ತಿದೆ. ನಾನು ಆಡಿಸುವುದನ್ನು ನಿಲ್ಲಿಸಲಾ?"

ನಿಲ್ಲಿಸಬೇಡಿ ಎಂದೆ. ಆಗ ಹೇಳದೆ ಉಳಿಸಿಕೊಂಡ ಒಳ್ಳೆಯ ಸುದ್ದಿಯನ್ನು ಅವರಿಗೆ ಹೇಳಿದೆ. 2022ರ ಅದೇ ಅಧ್ಯಯನದಲ್ಲಿ, ವಾರಕ್ಕೊಮ್ಮೆಯಾದರೂ ಸಮತೋಲನದ, ಹೊಟ್ಟೆ-ಬೆನ್ನಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮಾಡುತ್ತಿದ್ದ ನಾಯಿಗಳಲ್ಲಿ ಲಿಗಮೆಂಟ್ ಹರಿದದ್ದು ಕಡಿಮೆ. ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸುವುದು, ಮೆತ್ತನೆಯ ದಿಂಬಿನ ಮೇಲೆ ಮುಂಗಾಲಿಟ್ಟು ಕೂರಿಸಿ ಎಬ್ಬಿಸುವುದು, ಹಿಂದಕ್ಕೆ ನಡೆಸುವುದು. ದಿನಕ್ಕೆ ಐದು ನಿಮಿಷ ಸಾಕು, ಬಿಡದೆ ಮಾಡಬೇಕು ಅಷ್ಟೇ.

ಇನ್ನೊಂದು ತೂಕ. ಆಪರೇಷನ್ ಆದ ನಾಯಿಯ ಮೈಗೆ ಮುಂಚಿನಷ್ಟು ಊಟ ಬೇಕಿಲ್ಲ, ಸುಮಾರು ನಾಲ್ಕರಲ್ಲಿ ಒಂದು ಪಾಲು ಕಡಿಮೆ ಸಾಕು. ಹಸಿವು ಮಾತ್ರ ಜಾಸ್ತಿಯಾಗುತ್ತದೆ, ಅಲ್ಲೇ ನಾವು ಸೋಲುವುದು. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿದ ಒಂದು ಅಧ್ಯಯನ 2002ರಲ್ಲಿ ಬಂತು. ನಾಯಿಗಳನ್ನು ಜೋಡಿ ಮಾಡಿದ್ದರು, ತನ್ನ ಜೋಡಿಗಿಂತ ಶೇ 25 ಕಡಿಮೆ ಊಟ ಮಾಡಿದವು ಸುಮಾರು 1.8 ವರ್ಷ ಜಾಸ್ತಿ ಬದುಕಿದವು. ಅವುಗಳ ಕೀಲು ಸವೆದದ್ದೂ ತಡವಾಗಿ.

ಸಭೆ ಮುಗಿದ ಮೇಲೆ ಅವರು ನಾಯಿಯನ್ನು ನನ್ನ ಹತ್ತಿರ ಕರೆತಂದರು. ಪಕ್ಕೆಯ ಮೇಲೆ ಅಂಗೈ ಆಡಿಸಿದೆ. ಎಲುಬುಗಳು ಒತ್ತದೆಯೇ ಕೈಗೆ ಸಿಕ್ಕವು. ಹಿಂಗಾಲಿನ ತೊಡೆ ಎರಡೂ ಕಡೆ ಒಂದೇ ದಪ್ಪ, ಗಟ್ಟಿ. ಕೂರು ಎಂದಾಗ ಎರಡೂ ಮಂಡಿ ಮಡಿಸಿ ನೇರವಾಗಿ ಕೂತಿತು, ಒಂದು ಪಕ್ಕಕ್ಕೆ ವಾಲಲಿಲ್ಲ. "ಈ ಭಂಗಿಯನ್ನು ತಿಂಗಳಿಗೊಮ್ಮೆ ಮುಂದಿನಿಂದ, ಹಿಂದಿನಿಂದ ಫೋಟೋ ತೆಗೆದಿಡಿ" ಎಂದೆ. "ಯಾವತ್ತಾದರೂ ಒಂದು ಕಾಲನ್ನು ಹೊರಗೆ ಚಾಚಿ ಕೂತರೆ, ಅದು ಕುಂಟುವವರೆಗೆ ಕಾಯಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ." ಅವರು ಅಲ್ಲೇ ಫೋನ್ ತೆಗೆದು ಮೊದಲ ಫೋಟೋ ತೆಗೆದುಕೊಂಡರು.